ಮಡಗಿದವರು ಯಾರು?

“ಬಡವಾ, ನೀ ಮಡಗಿದ ಹಾಗಿರು” ಎಂಬ ಗಾದೆಯನ್ನು ಕೇಳದೆ ದೊಡ್ಡವರಾದವರು ತುಮಕೂರು ಸೀಮೆಯಲ್ಲಿ ಯಾರೂ ಇರಲಾರರು. ಕೂಲಿ ಸಾಲದೆಂದ ಆಳಿಗೆ ಇದನ್ನು ಹೇಳಿದ್ದಾರೆ. ಮುಂದೆ ಓದುತ್ತೇನೆಂದ ಹುಡುಗಿಗೆ ಇದನ್ನು ಹೇಳಿದ್ದಾರೆ. ಹಬ್ಬಕ್ಕೆ ಹೊಸ ಅಂಗಿ ಬೇಕೆಂದು ಅತ್ತ ಮಗುವಿಗೂ ಇದನ್ನೇ ಹೇಳಿ ಮಲಗಿಸಿದ್ದಾರೆ. ಗಾದೆಯಲ್ಲಿ ಬಡವನಿದ್ದಾನೆ, ಅವನು ಹೇಗಿರಬೇಕೆಂಬ ಅಪ್ಪಣೆಯೂ ಇದೆ. ಅವನನ್ನು ಅಲ್ಲಿ ಮಡಗಿದವರು ಯಾರು ಎಂಬುದು ಮಾತ್ರ ಇಲ್ಲ. ಗಾದೆ ಕಟ್ಟಿದವರು ಜಾಣರು.

ಈಗ ಪಟ್ಟಣದ ಕಡೆಯಿಂದ ಹೊಸ ಗಾದೆಯೊಂದು ಬಂದಿದೆ. ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ ಕೋಟು ತೊಟ್ಟ ಉಪದೇಶಕರು ಹೇಳುವುದೇನೆಂದರೆ, ಬಾಲ್ಯದಲ್ಲಿ ನಿಮ್ಮ ತಲೆಗೆ ಹೊಕ್ಕ ಕೆಲವು ನಂಬಿಕೆಗಳು ನಿಮ್ಮನ್ನು ಕಟ್ಟಿಹಾಕಿವೆ. ಕಣ್ಣು ಮುಚ್ಚಿ ‘ನನ್ನಿಂದ ಸಾಧ್ಯ’ ಎಂದು ಹೇಳಿಕೊಳ್ಳಿ, ಕಟ್ಟು ತಾನೇ ಬಿಚ್ಚುತ್ತದೆ. ಅಂದರೆ ಬಡವನನ್ನು ಮಡಗಿದವರು ಬೇರೆ ಯಾರೂ ಅಲ್ಲ, ಬಡವನೇ! ಹಳೆಯ ಗಾದೆ ಮಡಗಿದವನ ಹೆಸರನ್ನು ಮುಚ್ಚಿಟ್ಟಿತ್ತು. ಹೊಸ ಗಾದೆ ಆ ತಪ್ಪನ್ನು ಮಡಗಿಸಿಕೊಂಡವನ ತಲೆಗೇ ಕಟ್ಟುತ್ತದೆ.

ಉಪದೇಶಕರ ಮಾತಿನಲ್ಲಿ ಅರ್ಧ ಸತ್ಯವಿಲ್ಲವೆಂದು ನಾವು ಹೇಳುವುದಿಲ್ಲ. ಅರ್ಧ ಸತ್ಯಕ್ಕೆ ಪೂರ್ತಿ ಶುಲ್ಕ ವಸೂಲಾಗುತ್ತಿದೆಯೆಂಬುದೇ ನಮ್ಮ ತಕರಾರು. ಎಳವೆಯಲ್ಲಿ ಕಲಿತ ಅಂಜಿಕೆ ನಲವತ್ತು ವರ್ಷದವರ ಕಾಲಿಗೂ ತೊಡರುತ್ತದೆ, ನಿಜ. ಆದರೆ ಅದು ಒಳಹೊಕ್ಕದ್ದು ಹೇಗೆ? ಹೊಗಿಸಿದವರು ಯಾರು? ಅದರಿಂದ ಯಾರ ಕಣಜ ತುಂಬಿತು? ಈ ಮೂರು ಪ್ರಶ್ನೆಗಳನ್ನು ಕೇಳದೆ ನಂಬಿಕೆಯ ಮಾತಾಡುವವರು ಕಳುವಾದ ಮನೆಗೆ ಬಂದು, ಕಳ್ಳನ ಸುದ್ದಿ ಬಿಟ್ಟು, ಮನೆಯವರ ನಿದ್ದೆಯ ವಿಚಾರ ಮಾಡುವವರಿದ್ದಂತೆ.

ಹುತ್ರಿದುರ್ಗದ ಬೆಟ್ಟವನ್ನು ನಮ್ಮ ಓದುಗರು ಬಲ್ಲರು. ಕೆಂಪೇಗೌಡರ ಕಾಲದ್ದೆಂದು ಹೇಳುವ ಕೋಟೆ. ಬಂಡೆಗೆ ಕಚ್ಚಿಕೊಂಡ ಗೋಡೆಗಳು, ಬಾಗಿಲ ಮೇಲೆ ಬಾಗಿಲು, ತುದಿಯಲ್ಲಿ ಶಂಕರೇಶ್ವರನ ಗುಡಿ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಹಿಡಿದು, ಅದೇ ತಿಂಗಳು ಹುತ್ರಿದುರ್ಗವನ್ನೂ ಹಿಡಿಯಿತು. ಯಾರೂ ಹತ್ತಲಾರರೆಂದು ಹೆಸರಾಗಿದ್ದ ದುರ್ಗಗಳು ದಿನಗಳ ಲೆಕ್ಕದಲ್ಲಿ ಬಿದ್ದವು. ಈಗ ಭಾನುವಾರ ಬೆಂಗಳೂರಿನ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಆ ಬಾಗಿಲುಗಳನ್ನು ದಾಟಿ ತುದಿ ಮುಟ್ಟಿ ಪಟ ತೆಗೆದುಕೊಂಡು ಇಳಿಯುತ್ತಾರೆ. ಸಂತೋಷ. ಬೆಟ್ಟದ ಬುಡದ ಊರುಗಳಲ್ಲಿ ಇನ್ನೂ ಬೀಳದ ಗೋಡೆಗಳಿವೆಯಲ್ಲ, ಅವುಗಳ ಬಗ್ಗೆ ನಾವು ಬರೆಯಬೇಕಾಗಿದೆ.

ಬೆಂಗಳೂರಿನಿಂದ ಕುಣಿಗಲ್ ಮೇಲೆ ಹೋಗುವ ಹೆದ್ದಾರಿ ಅಗಲವಾದ ಮೇಲೆ ಈ ಕಡೆಯ ಹೊಲದ ಕಥೆ ಬದಲಾಗಿದೆ. ರಾಗಿ ಬೆಳೆಯುತ್ತಿದ್ದ ನೆಲವನ್ನು ಮೊದಲು ಎಕರೆಯಲ್ಲಿ ಕೇಳುತ್ತಿದ್ದರು, ಆಮೇಲೆ ಗುಂಟೆಯಲ್ಲಿ ಕೇಳಿದರು, ಈಗ ಅಡಿಯಲ್ಲಿ ಕೇಳುತ್ತಾರೆ. ವ್ಯವಸಾಯಗಾರನಲ್ಲದವನು ವ್ಯವಸಾಯದ ಭೂಮಿ ಕೊಳ್ಳಬಾರದೆಂಬ ಭೂ ಸುಧಾರಣಾ ಕಾನೂನಿನ ತಡೆಯನ್ನು ಸರ್ಕಾರ 2020ರಲ್ಲಿ ಕಿತ್ತುಹಾಕಿತು. ಅಲ್ಲಿಂದ ಕೊಳ್ಳುವವರ ಕಾರುಗಳಿಗೆ ಬರವಿಲ್ಲ. ಕೊಳ್ಳುವವನಿಗೆ ಬೇಕಾದದ್ದು ಒಂದೇ, ತಕರಾರಿಲ್ಲದ ಕಾಗದ. ತಕರಾರು ಬರುವುದು ಎಲ್ಲಿಂದ? ಮದುವೆಯಾಗಿ ಹೋದ ಹೆಣ್ಣುಮಕ್ಕಳಿಂದ. ಆದ್ದರಿಂದ ಅವರನ್ನು ಕರೆಸಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಬೇಕು.

ಕರೆಸುತ್ತಾರೆ. ಅಕ್ಕ ಬರುತ್ತಾಳೆ, ತಂಗಿಯೂ ಬರುತ್ತಾಳೆ. ಊಟ ಹಾಕಿ, ಸೀರೆ ಕೊಟ್ಟು, ಅರಿಶಿನ ಕುಂಕುಮ ಇಟ್ಟು, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತಾರೆ. ಯಾರೂ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. “ನಿನಗೇನಮ್ಮಾ, ದೇವರು ಚೆನ್ನಾಗಿಟ್ಟಿದ್ದಾನೆ. ತವರಿನ ಬಾಗಿಲು ತೆರೆದಿರಬೇಕಲ್ಲ?” ಎಂದು ಯಾರೋ ಹಿರಿಯರು ಒಂದು ಮಾತು ಹೇಳುತ್ತಾರೆ. ಅಷ್ಟು ಸಾಕು, ಹೆಬ್ಬೆಟ್ಟು ಒತ್ತುತ್ತಾಳೆ. ಓದು ಬಂದವಳಾದರೆ ಸಹಿ ಹಾಕುತ್ತಾಳೆ, ವ್ಯತ್ಯಾಸ ಇಷ್ಟೇ. ಪದವಿ ಪಡೆದು ಬೆಂಗಳೂರಿನಲ್ಲಿ ಸಂಬಳ ಎಣಿಸುವ ಹೆಣ್ಣುಮಗಳೂ ಆ ಕಾಗದವನ್ನು ಓದದೆ ಸಹಿ ಹಾಕಿದರೆ ನಮಗೆ ಆಶ್ಚರ್ಯವಾಗುವುದಿಲ್ಲ. ಬ್ಯಾಂಕಿನಲ್ಲಿ ಸಾಲದ ಕಾಗದವನ್ನು ಮೂರು ಸಲ ಓದುವವಳು ಇಲ್ಲಿ ಯಾಕೆ ಓದುವುದಿಲ್ಲ?

ಕಾನೂನು ಏನು ಹೇಳುತ್ತದೆಂಬುದು ಗುಟ್ಟಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕವು ಕೇಂದ್ರದ ಕಾನೂನಿಗಿಂತ ಮುಂಚೆ, 1994ರ ಜುಲೈ 30ರಿಂದಲೇ ಹೇಳಿತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿದ್ದನೋ ಇಲ್ಲವೋ ಎಂಬುದು ಅದಕ್ಕೆ ಅಡ್ಡಬಾರದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಸಾರಿತು. ಮೂರು ಹೆಜ್ಜೆಗೆ ಇಪ್ಪತ್ತಾರು ವರ್ಷ ಹಿಡಿಯಿತು. ಇಷ್ಟೆಲ್ಲ ನಡೆದು ಕೈಗೆ ಬಂದ ಹಕ್ಕನ್ನು ಒಂದು ಸೀರೆಗೆ ಬಿಟ್ಟುಕೊಡುವ ಕೈ ಯಾವುದು?

ಅದು ನಲವತ್ತರ ಹೆಂಗಸಿನ ಕೈಯಲ್ಲ, ಆರು ವರ್ಷದ ಹುಡುಗಿಯ ಕೈ. ಆ ಹುಡುಗಿಗೆ ನಡೆಯಲು ಬಂದಾಗಿನಿಂದ ಹೇಳಿದ್ದಾರೆ: ನೀನು ಬೇರೆಯವರ ಮನೆಗೆ ಹೋಗುವವಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಮನೆಯಲ್ಲಿ ಒಂದು ಮೊಟ್ಟೆ ಇದ್ದರೆ ಅಣ್ಣನ ಮುದ್ದೆಯ ಪಕ್ಕಕ್ಕೆ. ತಾನೂ ಕೇಳಿದರೆ “ಹೆಣ್ಣುಹುಡುಗಿಗೆ ಬಾಯಿ ನೋಡು” ಎಂಬ ಮಾತು. ಕೇಳುವುದೇ ಕೆಟ್ಟತನ, ಬಿಡುವುದೇ ಒಳ್ಳೆಯತನ ಎಂದು ಅವಳು ಕಲಿತಳು. ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿಕೊಟ್ಟ ‘ಕೆರೆಗೆ ಹಾರ’ದ ಕಥೆಯನ್ನು ಹಾಡಿ ಅವಳ ಕಣ್ಣಲ್ಲಿ ನೀರು ತರಿಸಿದ್ದಾರೆ. ನಮಗೂ ಆ ಹಾಡಿನ ಮೇಲೆ ಪ್ರೀತಿಯಿದೆ. ಅದನ್ನು ಕಟ್ಟಿದ ಹೆಂಗಸರು ಭಾಗೀರಥಿಗಾಗಿ ಅತ್ತರೇ ಹೊರತು ಮಾವನನ್ನು ಹೊಗಳಲಿಲ್ಲವೆಂಬುದನ್ನೂ ಬಲ್ಲೆವು. ಶಾಲೆಯಲ್ಲಿ, ಸಭೆಯಲ್ಲಿ ಅದನ್ನು ತ್ಯಾಗದ ಪಾಠವಾಗಿ ಹೇಳಿಕೊಟ್ಟವರ ಮೇಲೆ ನಮ್ಮ ಆಕ್ಷೇಪಣೆ. ‘ಗೋವಿನ ಹಾಡಿ’ನಲ್ಲಿ ಹಸುವಿನ ಸತ್ಯಕ್ಕೆ ಹುಲಿ ನಾಚಿ ಪ್ರಾಣಬಿಟ್ಟಿತೆಂದು ಮಕ್ಕಳಿಗೆ ಕಲಿಸುತ್ತೇವೆ. ಹಾಗೆ ನಾಚಿದ ಜಮೀನ್ದಾರನೊಬ್ಬನ ಹೆಸರನ್ನು ಯಾರಾದರೂ ಹೇಳಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಅಚ್ಚುಹಾಕುತ್ತೇವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಶಿಬಿರದ ಉಪದೇಶಕರು ಎಡವುವುದು ಇಲ್ಲೇ. ತವರಿನ ಬಾಗಿಲು ಮುಚ್ಚೀತು ಎಂಬ ಆ ಹೆಣ್ಣುಮಗಳ ಭಯ ಬರಿಯ ಭ್ರಮೆಯಲ್ಲ. ಪಾಲು ಕೇಳಿದವಳಿಗೆ ಮಡಿಲಕ್ಕಿ ನಿಂತದ್ದನ್ನು, ಗೌರಿಹಬ್ಬಕ್ಕೆ ಕರೆ ಬಾರದ್ದನ್ನು, ಅಪ್ಪ ಸತ್ತಾಗ ಕೊನೆಗೆ ಸುದ್ದಿ ಮುಟ್ಟಿದ್ದನ್ನು ಅವಳು ಬೇರೆ ಮನೆಗಳಲ್ಲಿ ಕಂಡಿದ್ದಾಳೆ. ಗಂಡನ ಮನೆಯಲ್ಲಿ ಕಷ್ಟವಾದರೆ ನಾಳೆ ಹೋಗಿ ನಿಲ್ಲಲು ಅವಳಿಗೆ ಬೇರೆ ಸೂರಿಲ್ಲ. ನಾವು ನಂಬಿಕೆ ಎಂದು ಕರೆಯುವುದು ಅನೇಕ ಸಲ ನೆನಪಿನಲ್ಲಿ ಉಳಿದ ದಂಡ. ದಂಡ ಹಾಕುವವನು ಮನೆಯ ಜಗಲಿಯ ಮೇಲೆ ಇನ್ನೂ ಕೂತಿರುವಾಗ ‘ನಿನ್ನ ಯೋಚನೆ ಬದಲಿಸಿಕೋ’ ಎಂದು ಅವಳೊಬ್ಬಳಿಗೇ ಹೇಳುವುದು ಉಪದೇಶವಲ್ಲ, ವಂಚನೆ.

ದಂಡವೆಂದದ್ದು ಅಲಂಕಾರಕ್ಕಲ್ಲ. ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಎರಡು ವರ್ಷದ ಮಗುವೊಂದು ಆಟದ ಭರದಲ್ಲಿ ಹನುಮಂತನ ಗುಡಿಯೊಳಕ್ಕೆ ಓಡಿತು. ದಲಿತರ ಮಗು. ಗುಡಿಯ ಶುದ್ಧಿಗೆಂದು ಆ ಮನೆಯವರ ಮೇಲೆ ಸಾವಿರಗಟ್ಟಲೆ ರೂಪಾಯಿ ದಂಡ ಹೇರಿದರು. ಮರುವರ್ಷ ಅದೇ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲನ್ನು ಮುಟ್ಟಿದ ದಲಿತ ಬಾಲಕನ ಮನೆಗೆ 60,000 ರೂಪಾಯಿ ದಂಡ. ಎರಡು ಸುದ್ದಿಯೂ ಹೊರಬಿದ್ದು ಪೊಲೀಸರು ಬಂದರು, ಮೊಕದ್ದಮೆಯಾಯಿತು. ಹೊರಬೀಳದ ಎಷ್ಟು ಹಳ್ಳಿಗಳಲ್ಲಿ ತಾಯಿ ಮಗುವಿನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡಿರಬಹುದು? ಎರಡು ವರ್ಷದ ಮಗುವಿಗೆ ಜಾತಿ ಗೊತ್ತಿರಲಿಲ್ಲ. ಊರು ಅದಕ್ಕೆ ರಸೀತಿಯಿಲ್ಲದೆ ಹಣ ಕಟ್ಟಿಸಿಕೊಂಡು ಕಲಿಸಿತು. ಆ ಮಗು ದೊಡ್ಡದಾಗಿ ಎಲ್ಲೋ ಕಚೇರಿಯ ಬಾಗಿಲಲ್ಲಿ ‘ಒಳಗೆ ಬರಲೇ ಸ್ವಾಮಿ’ ಎಂದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತರೆ, ‘ಇವನಿಗೆ ಆತ್ಮವಿಶ್ವಾಸ ಸಾಲದು’ ಎನ್ನುವವರು ಇದ್ದೇ ಇರುತ್ತಾರೆ.

ಇದನ್ನು ಅಳೆದು ನೋಡಿದವರೂ ಉಂಟು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ವಿದ್ವಾಂಸರು ಉತ್ತರ ಪ್ರದೇಶದ ಹಳ್ಳಿಗಳ 642 ಹುಡುಗರನ್ನು, ಅರ್ಧ ಮೇಲುಜಾತಿ, ಅರ್ಧ ಕೆಳಜಾತಿ, ಕೂರಿಸಿ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಬಿಡಿಸಲು ಕೊಟ್ಟರು. ಬಿಡಿಸಿದ ಒಗಟಿಗೆ ದುಡ್ಡು. ಜಾತಿಯ ಸುದ್ದಿ ಎತ್ತದಿದ್ದಾಗ ಎರಡು ಗುಂಪಿನವರೂ ಸಮಸಮ. ಎಲ್ಲರೆದುರು ಹುಡುಗರ ಜಾತಿಯನ್ನು ಕೂಗಿ ಹೇಳಿದಾಗ ಕೆಳಜಾತಿಯ ಹುಡುಗರ ಲೆಕ್ಕ ಕುಸಿಯಿತು. 2004ರಲ್ಲಿ ಪ್ರಕಟವಾದ ವರದಿಯಿದು. ಬುದ್ಧಿ ಅದೇ, ಪೆನ್ಸಿಲೂ ಅದೇ; ನಡುವೆ ಬಂದದ್ದು ಒಂದು ಕೂಗು. ಎಷ್ಟು ಚೆನ್ನಾಗಿ ಮಾಡಿದರೂ ನ್ಯಾಯವಾಗಿ ಎಣಿಸಲಾರರು ಎಂಬ ಅನುಮಾನ ಹುಡುಗನ ಕೈ ಹಿಡಿಯಿತೆಂದು ಆ ವಿದ್ವಾಂಸರು ಊಹಿಸುತ್ತಾರೆ. ನಮ್ಮ ಶಾಲೆಗಳಲ್ಲಿ ಹೀಗೆ ಕೂಗಲು ಸಂಶೋಧಕರೇ ಬರಬೇಕಾಗಿಲ್ಲ. ವಿದ್ಯಾರ್ಥಿವೇತನದ ಪಟ್ಟಿ ಓದುವಾಗ ಆ ಕೂಗು ಕೇಳುತ್ತದೆ. ‘ದನ ಕಾಯೋಕೆ ಹೋಗು’ ಎಂದು ಮೇಷ್ಟರು ಬೈದಾಗಲೂ ಕೇಳುತ್ತದೆ. ಅದೆಂಥ ಬೈಗುಳ ನೋಡಿ! ಹುಡುಗನಿಗೂ ಅವಮಾನ, ಮನೆಯಲ್ಲಿ ದನ ಕಾಯ್ದು ಆ ಹುಡುಗನಿಗೆ ಪಾಟಿಚೀಲ ತಂದುಕೊಟ್ಟ ಅಪ್ಪನಿಗೂ ಅವಮಾನ. ಮಕ್ಕಳಿಗೆ ಮಾನಸಿಕ ಹಿಂಸೆ ಕೊಡಬಾರದೆಂದು 2009ರ ಶಿಕ್ಷಣ ಹಕ್ಕಿನ ಕಾನೂನೇ ಹೇಳುತ್ತದೆ.

ಇಷ್ಟು ಹೇಳಿದರೆ ನಮ್ಮವರೇ ಕೆಲವರು ಸಂತೋಷಪಡುತ್ತಾರೆ. “ನೋಡಿದಿರಾ, ಎಲ್ಲ ಆರ್ಥಿಕ ಪ್ರಶ್ನೆ. ಮೊದಲು ಭೂಮಿ ಸಿಗಲಿ, ಕಾನೂನು ಬರಲಿ, ಬುದ್ಧಿ ಅದರ ಹಿಂದೆ ತಾನೇ ಬರುತ್ತದೆ” ಎನ್ನುತ್ತಾರೆ. ಅವರಿಗೂ ಒಂದು ಮಾತು ಹೇಳಬೇಕು. ತಾನೇ ಬರುವುದಿಲ್ಲ.

1974ರ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ಭೂ ಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ಅವನ ಹೆಸರಿಗೆ ಮಾಡಿಕೊಡುವುದು. ಒಂದು ಹಾಳೆ ಅರ್ಜಿ. ಅದರ ಕಡೆಯ ದಿನವನ್ನು ಮುಂದೂಡುತ್ತ ಮುಂದೂಡುತ್ತ 1979ರ ಜೂನ್ 30ರ ವರೆಗೆ ತಂದರು. ಐದು ವರ್ಷಕ್ಕೂ ಮೇಲಾಯಿತು. ಲಕ್ಷಾಂತರ ಜನ ಅರ್ಜಿ ಹಾಕಿದರು, ಅನೇಕರಿಗೆ ಭೂಮಿ ಬಂತು. ಈ ರಾಜ್ಯದಲ್ಲಿ ನಡೆದ ದೊಡ್ಡ ಕೆಲಸಗಳಲ್ಲಿ ಅದೊಂದು. ಆದರೆ ಅರ್ಜಿ ಹಾಕದೇ ಉಳಿದವರೂ ಇದ್ದರು. ಕೆಲವರನ್ನು ಹೆದರಿಸಿದರು, ಕೆಲವರನ್ನು ಒಕ್ಕಲೆಬ್ಬಿಸಿದರು, ಸರಿ. ಯಾರೂ ಹೆದರಿಸದೆಯೇ ಸುಮ್ಮನಿದ್ದವರ ಮಾತೇನು? “ಅನ್ನ ಹಾಕಿದ ಮನೆಯ ಮೇಲೆ ಅರ್ಜಿ ಹಾಕೋದೇ?” ಎಂದವರಿದ್ದರು. ಅನ್ನ ಯಾರು ಯಾರಿಗೆ ಹಾಕಿದರು? ಉತ್ತು, ಬಿತ್ತು, ಕೊಯ್ದು, ಒಕ್ಕಿ, ಹೊತ್ತುಕೊಂಡು ಹೋಗಿ ಒಡೆಯನ ಪಡಸಾಲೆಯಲ್ಲಿ ಸುರಿದವನು ಯಾರು? ಈ ಸರಳ ಲೆಕ್ಕ ತಿಳಿಯದಷ್ಟು ಅವನು ದಡ್ಡನಲ್ಲ. ಆದರೆ ಹಟ್ಟಿಬಾಗಿಲಲ್ಲಿ ಕೈಕಟ್ಟಿ ನಿಂತ ಅಪ್ಪನನ್ನು ಅವನು ಐದನೆಯ ವಯಸ್ಸಿನಲ್ಲಿ ನೋಡಿದ್ದ. ದಂಡ ಹಾಕುವವನ ಅಧಿಕಾರ ಹೋಗಿತ್ತು. ಕಟ್ಟಿದ ಕೈ ಹಾಗೆಯೇ ಇತ್ತು. ಗೇಣಿಯನ್ನು ಕಾನೂನು ರದ್ದುಮಾಡಿದ ಮೇಲೂ ಅವನು ಮನಸ್ಸಿನಲ್ಲಿ ಗೇಣಿ ಅಳೆಯುತ್ತಲೇ ಇದ್ದ. ಒಡೆಯನಿಗೆ ಇದಕ್ಕಿಂತ ಅಗ್ಗದ ಕಾವಲುಗಾರ ಎಲ್ಲಿ ಸಿಗಬೇಕು?

ಆದ್ದರಿಂದ ಎರಡನ್ನೂ ಹಿಡಿದೇ ಜಗ್ಗಬೇಕು, ಹೊರಗಿನ ದಂಡವನ್ನೂ ಒಳಗಿನ ಅಂಜಿಕೆಯನ್ನೂ. ಒಂದನ್ನೇ ಹಿಡಿದರೆ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಯ ಗೊಲ್ಲರಹಟ್ಟಿಗಳಲ್ಲಿ ನೋಡಬಹುದು.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಬಾಣಂತಿಯೊಬ್ಬಳನ್ನು ಹಸುಗೂಸಿನೊಡನೆ ಹಟ್ಟಿಯಾಚೆಯ ಗುಡಿಸಲಿನಲ್ಲಿ ಇರಿಸಿದ್ದರು. ಮಳೆಗಾಲ. ಕೂಸಿಗೆ ಶೀತ ಹತ್ತಿತು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಕಾಡುಗೊಲ್ಲರಲ್ಲಿ ಮುಟ್ಟಾದವಳು ಕೆಲವು ದಿನ, ಹೆತ್ತವಳು ವಾರಗಟ್ಟಲೆ ಹಟ್ಟಿಯ ಹೊರಗಿರಬೇಕೆಂಬ ಕಟ್ಟಳೆ ಹಳೆಯದು. ಸೂತಕ ಒಳಗೆ ಬಂದರೆ ದೇವರು ಮುನಿಯುತ್ತಾನೆ. ಅದೇ ವರ್ಷದ ಆಗಸ್ಟಿನಲ್ಲಿ ಗುಬ್ಬಿಯ ನ್ಯಾಯಾಧೀಶರು ತಾವೇ ಆ ತಾಲ್ಲೂಕಿನ ಹಟ್ಟಿಯೊಂದಕ್ಕೆ ಹೋಗಿ, ಹೊರಗೆ ಗುಡಿಸಲಿನಲ್ಲಿದ್ದ ತಾಯಿ ಮಗುವನ್ನು ಮನೆಗೆ ಸೇರಿಸಿದರು. ನ್ಯಾಯಪೀಠದಿಂದ ಇಳಿದು ಹಟ್ಟಿಯ ಬಾಗಿಲಿಗೆ ನಡೆದ ಆ ಅಧಿಕಾರಿಯನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಕಾನೂನಿಲ್ಲವೆ? ಇದೆ. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ ಕಾಯಿದೆಯನ್ನು 2017ರಲ್ಲಿ ಮಾಡಿ, 2020ರ ಜನವರಿಯಲ್ಲಿ ಜಾರಿಗೆ ತಂದರು. ಮುಟ್ಟಾದ, ಗರ್ಭಿಣಿಯಾದ ಹೆಂಗಸರನ್ನು ಬಲವಂತದಿಂದ ಊರಾಚೆ ಇಡುವುದು ಅದರಲ್ಲಿ ಅಪರಾಧ. ಅದೇ ಸರ್ಕಾರದ ಹಣದಲ್ಲಿ ಅನೇಕ ಹಟ್ಟಿಗಳ ಪಕ್ಕದಲ್ಲಿ ‘ಕೃಷ್ಣ ಕುಟೀರ’ಗಳೂ ಎದ್ದಿವೆ. ಏತಕ್ಕೆ? ಹೊರಗಿಟ್ಟ ಹೆಂಗಸರಿಗೆ ಪಕ್ಕಾ ಕಟ್ಟಡವಿರಲೆಂದು! ಒಂದು ಕೈಯಲ್ಲಿ ಅದು ಅಪರಾಧವೆಂದು ಬರೆದು, ಇನ್ನೊಂದು ಕೈಯಲ್ಲಿ ಆ ಅಪರಾಧಕ್ಕೆ ಗಾರೆ ಹಾಕಿದಂತಾಯಿತು. ಬೇಲಿಯಾಚೆ ಮಲಗಿದ ಬಾಣಂತಿಯ ಮೇಲೆ ಮಳೆ ಬೀಳಬಾರದೆಂಬ ಕರುಣೆಯಿಂದಲೇ ಕಟ್ಟಿರಬಹುದು. ಆದರೆ ಅಲ್ಲಿ ಬೆಳೆಯುವ ಹುಡುಗಿ ಏನು ತಿಳಿಯಬೇಕು? ಹಟ್ಟಿಯವರು ಮಾತ್ರವಲ್ಲ, ಸರ್ಕಾರವೂ ತನ್ನನ್ನು ಹೊರಗಿನವಳೆಂದೇ ಒಪ್ಪಿದೆ ಎಂದಲ್ಲವೆ?

ಹಟ್ಟಿಯವರನ್ನು ಮೂಢರೆಂದು ಬೈದು ಕೈತೊಳೆದುಕೊಳ್ಳುವವರ ಸಾಲಿನಲ್ಲಿ ನಾವಿಲ್ಲ. ಕುರಿಮಂದೆಯೇ ಬದುಕಾದ ಮನೆಯಲ್ಲಿ ರೋಗ ಬಂದು ಹತ್ತು ಕುರಿ ಸತ್ತರೆ ವರ್ಷದ ಗಂಜಿ ಹೋಯಿತು. ಪಶುವೈದ್ಯ ದೂರ, ಪರಿಹಾರ ಇನ್ನೂ ದೂರ. ಹತ್ತಿರವಿರುವವನು ಜುಂಜಪ್ಪ ಒಬ್ಬನೇ. ಅವನನ್ನು ಮುನಿಸಬಾರದೆಂಬುದರಲ್ಲಿ ಭಕ್ತಿಯಿರುವಷ್ಟೇ ಲೆಕ್ಕಾಚಾರವೂ ಇದೆ. ಕಟ್ಟಳೆ ಮುರಿದವಳ ಮೇಲೆ, ಆಮೇಲೆ ಹಟ್ಟಿಯಲ್ಲಿ ಬರುವ ಪ್ರತಿ ಜ್ವರ, ಪ್ರತಿ ಸಾವಿನ ಹೊಣೆ ಬೀಳುತ್ತದೆ. ಅವಳಿಗೆ ದೇವರ ಭಯ ಎಷ್ಟೋ, ನೆರೆಯವಳ ಬಾಯಿಯ ಭಯ ಅದಕ್ಕಿಂತ ಹೆಚ್ಚು. ಪಿ.ಯು.ಸಿ. ಓದಿದ ಹುಡುಗಿಯೂ ಚಾಪೆ ಸುತ್ತಿಕೊಂಡು ಹೊರಗೆ ಹೋಗುವುದು ಈ ಕಾರಣಕ್ಕೆ. ಅಧಿಕಾರಿಗಳು ಬಂದ ದಿನ ಒಳಗೆ ಹೋದವಳು ಅವರ ಜೀಪು ಹೋದ ಮೇಲೆ ಏನು ಮಾಡಬೇಕು? ಆ ಹಟ್ಟಿಗೆ ದಾದಿ ಬೇಕು, ಪಶುವೈದ್ಯ ಬೇಕು, ಎರಡು ಕೋಣೆಯ ಮನೆ ಬೇಕು. ಜೊತೆಗೆ, ಒಂದೇ ತಿಂಗಳು ಒಳಗೇ ಉಳಿಯುವ ಹತ್ತು ಹೆಂಗಸರು ಬೇಕು. ಒಬ್ಬಳೇ ಉಳಿದರೆ ಸತ್ತ ಕುರಿಯ ಲೆಕ್ಕವೆಲ್ಲ ಅವಳದು. ಹತ್ತು ಜನ ಉಳಿದರೆ ಯಾರ ಲೆಕ್ಕಕ್ಕೆ ಬರೆಯುತ್ತಾರೆ?

ಇದನ್ನು ಓದಿ ತುಮಕೂರಿನ ಬಡಾವಣೆಗಳಲ್ಲಿ ‘ಅಯ್ಯೋ ಪಾಪ’ ಎನ್ನುವ ವಿದ್ಯಾವಂತರಿಗೆ ಒಂದು ವಿನಂತಿ. ಹಬ್ಬಕ್ಕೆ, ಹೋಮಕ್ಕೆ ಅಡ್ಡಿಯಾಗದಿರಲೆಂದು ಮುಟ್ಟನ್ನು ಮುಂದೂಡುವ ಮಾತ್ರೆಗಳು ನಿಮ್ಮ ಬೀದಿಯ ಔಷಧದಂಗಡಿಯಲ್ಲೇ ಮಾರಾಟವಾಗುತ್ತವೆ. ಕೊಳ್ಳುವವರು ಹಟ್ಟಿಯಿಂದ ಬರುವುದಿಲ್ಲ. ಹಟ್ಟಿಯಲ್ಲಿ ಗುಡಿಸಲು ಊರಾಚೆ ಇದೆ. ನಿಮ್ಮಲ್ಲಿ ಅದು ಹೊಟ್ಟೆಯೊಳಗೆ ಹೋಗಿದೆ, ಅಷ್ಟೇ.

ಹಾಗಾದರೆ ಈ ಗೋಡೆ ಬೀಳುವುದೇ ಇಲ್ಲವೆ? ಬಿದ್ದದ್ದನ್ನು ಸಮಾಜವಾದಿಗಳು ಕಂಡಿದ್ದಾರೆ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದರು. ಗೇಣಿಯ ಭತ್ತ ಅಳೆಯುವ ಕೊಳಗ ಮೊದಲ ಕಾರಣ. ಒಡೆಯ ತೆಗೆದುಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು. ತಲೆಮಾರುಗಳಿಂದ ಎಲ್ಲರಿಗೂ ಗೊತ್ತಿದ್ದ ಮೋಸವದು. ಗೊತ್ತಿದ್ದೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಉಡುವ ಬಟ್ಟೆಗೂ ಕೂರುವ ಜಾಗಕ್ಕೂ ಕಟ್ಟುಪಾಡಿದ್ದ ಊರಿನಲ್ಲಿ ಕೊಳಗವನ್ನು ಪ್ರಶ್ನಿಸುವುದೆಂದರೇನು? ಎಚ್. ಗಣಪತಿಯಪ್ಪನವರು ಮನೆಮನೆಗೆ ಹೋಗಿ ಸಂಘ ಕಟ್ಟಿದರು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಒಕ್ಕಲೆಬ್ಬಿಸಿದ ಗದ್ದೆಗಳಿಗೆ ತಂಡ ತಂಡವಾಗಿ ಇಳಿದು ಜನ ಬಂಧನಕ್ಕೊಳಗಾದರು. ಜೂನಿನಲ್ಲಿ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಆ ವರ್ಷವೇ ಭೂಮಿ ಅವರ ಕೈಗೆ ಬರಲಿಲ್ಲ. ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಆದರೆ ಒಡೆಯನ ಕಣ್ಣೆದುರಿಗೇ ಅವನ ಅಪ್ಪಣೆಯಿಲ್ಲದೆ ಗದ್ದೆಗಿಳಿದ ಮನುಷ್ಯ ಜೈಲಿನಿಂದ ಹೊರಬಂದಾಗ ಮೊದಲಿನವನಾಗಿರಲಿಲ್ಲ. ಅವನಿಗೆ ಯಾರೂ ಕಣ್ಣು ಮುಚ್ಚಿ ‘ನನ್ನಿಂದ ಸಾಧ್ಯ’ ಎಂದು ಜಪಿಸಲು ಕಲಿಸಿರಲಿಲ್ಲ. ಪಕ್ಕದಲ್ಲಿ ಇನ್ನೂ ಕೆಲವರಿದ್ದರು. ಕಾಲು ಕೆಸರಿಗೆ ಇಟ್ಟ. ದಣಿಗಳ ಆಕಾಶ ಬೀಳಲಿಲ್ಲವೆಂದು ತಿಳಿಯಿತು.

ನಮ್ಮ ಹುತ್ರಿದುರ್ಗದ ಆಚೆಗಿನ ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು, ತಂದೆಯ ಹೆಗಲಿಗೆ ನೊಗವಿಟ್ಟು ನೇಗಿಲೆಳೆಸಿದ್ದನ್ನು ಬಾಲ್ಯದಲ್ಲಿ ಕಂಡದ್ದನ್ನು ‘ಊರುಕೇರಿ’ಯಲ್ಲಿ ಬರೆದಿದ್ದಾರೆ. ಹಾಗೆ ಕಂಡ ಮಗು ತಲೆ ತಗ್ಗಿಸಲು ಕಲಿತಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಅವರು ಕವಿಯಾದರು, ವಿಧಾನ ಪರಿಷತ್ತಿನಲ್ಲಿ ಕೂತರು. ಇದನ್ನೂ ಶಿಬಿರದವರು ‘ಒಬ್ಬ ವ್ಯಕ್ತಿಯ ಸಾಧನೆ’ಯೆಂದು ಭಾಷಣಕ್ಕೆ ಬಳಸಿಕೊಂಡಾರು. ಎಪ್ಪತ್ತರ ದಶಕದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳನ್ನು ತೆಗೆದುಹಾಕಿ ಆ ಕವಿಯನ್ನು ತೋರಿಸಿರೆಂದು ಅವರಿಗೆ ನಮ್ಮ ಸವಾಲು.

ಮತ್ತೆ ಬೆಟ್ಟದ ಬುಡದ ಹೆಣ್ಣುಮಗಳ ಮಾತಿಗೆ ಬರೋಣ, ಏಕೆಂದರೆ ಅವಳ ಸಹಿಗೆ ದಿನ ಗೊತ್ತಾಗಿರುತ್ತದೆ. ‘ನೀವು ಅಣ್ಣ ತಂಗಿಯರ ನಡುವೆ ಬೆಂಕಿ ಹಚ್ಚುತ್ತೀರಿ’ ಎಂದು ನಮ್ಮ ಮೇಲೆ ದೂರು ಬರುವುದು ನಿಶ್ಚಯ. ಅಣ್ಣನೂ ಎರಡೆಕರೆಯ ಬಡವನೇ, ತಂಗಿಯ ಮದುವೆಗೆ ಸಾಲ ಮಾಡಿದವನೇ, ಬಲ್ಲೆವು. ಆದರೆ ಸಹಿಯಾದ ಮರುದಿನ ಆ ನೆಲ ಅಣ್ಣನ ಬಳಿಯೂ ಎಷ್ಟು ದಿನ ಉಳಿಯುತ್ತದೆ? ತಕರಾರಿಲ್ಲದ ಕಾಗದ ಕಾದು ಕೂತವನು ಅಣ್ಣನಲ್ಲ, ಕಾರಿನಲ್ಲಿ ಬಂದವನು. ತಂಗಿ ಸಹಿ ಹಾಕದಿದ್ದರೆ ಎಷ್ಟೋ ಸಲ ಉಳಿಯುವುದು ಅಣ್ಣನ ಹೊಲವೇ.

ಹೆಂಗಸರಿಗೆ, ಅವರ ವರಮಾನ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ವಕೀಲರ ನೆರವು ಉಚಿತ. ತಾಲ್ಲೂಕಿನ ನ್ಯಾಯಾಲಯದಲ್ಲೇ ಅದರ ಸಮಿತಿ ಇದೆ. ಆದರೆ ಅಲ್ಲಿಗೆ ಅವಳು ಒಬ್ಬಳೇ ಹೋಗುವುದಿಲ್ಲ. ಹೋಗಬೇಕೆಂದು ಒತ್ತಾಯಿಸಲೂ ಬಾರದು. ಹುತ್ರಿದುರ್ಗ ಹೋಬಳಿಯ ನಮ್ಮ ಗೆಳೆಯರು, ಅದರಲ್ಲೂ ಹೆಣ್ಣುಮಕ್ಕಳು, ಊರಿಗೆ ಇಬ್ಬರಂತೆ ಹೆಸರು ಬರೆಸಬೇಕು. ಕೆಲಸ ದೊಡ್ಡದಲ್ಲ. ಖುಲಾಸೆ ಪತ್ರವನ್ನು ಸಹಿಗೆ ಮುಂಚೆ ಅವಳಿಗೆ ಗಟ್ಟಿಯಾಗಿ, ಕನ್ನಡದಲ್ಲಿ, ಪೂರ್ತಿ ಓದಿ ಹೇಳಬೇಕು. ಅಷ್ಟಾದ ಮೇಲೂ ಅವಳು ಸಹಿ ಹಾಕುತ್ತೇನೆಂದರೆ ಹಾಕಲಿ. ಇಲ್ಲವೆಂದರೆ ಕುಣಿಗಲ್ಲಿನ ಬಸ್ಸಿಗೆ ಅವಳ ಜೊತೆ ಹತ್ತಬೇಕು. ಆ ವರ್ಷ ತವರಿನಿಂದ ಮಡಿಲಕ್ಕಿ ಬಾರದಿದ್ದರೆ ನಮ್ಮ ಮನೆಗಳಿಂದ ಹೋಗಬೇಕು. ಅಕ್ಕಿ, ಬೆಲ್ಲ, ಕೊಬ್ಬರಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿ ಕಾರ್ಯಾಲಯಕ್ಕೆ ತಿಳಿಸಿದರೆ ಹಣ ಎತ್ತುವ ಕೆಲಸ ನಮ್ಮದು.